ಊದಾ ಸಾಸಿವೆಯ ಅಂಚು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅವರ ಮಗಳು ಬೇಜಾರು ಮಾಡಿಕೊಳ್ಳುತ್ತಾಳೆ ಎಂದೇನಲ್ಲ. ಮುಳ್ಳೂರಿಗೆ ಕೊಟ್ಟಿರುವ ಆ ಹೆಣ್ಣುಮಗಳು, ತನ್ನ ಅಪ್ಪನ ಬಗ್ಗೆ ಯಾರಾದರೂ ಒಳ್ಳೆಯ ಮಾತು ಬರೆದಾರೆಯೇ ನೋಡೋಣ ಎಂದು ಕುತೂಹಲದಿಂದಲೇ ಕಾಯುತ್ತಿದ್ದಾಳೆ. ನನ್ನ ಭಯ ಬೇರೆ. ಹೆಸರು ಹಾಕಿ ಒಂದು ಸಂಗತಿ ತಪ್ಪು ಬರೆದರೂ ಆ ಮನುಷ್ಯ ಹೋದಲ್ಲಿಂದ ಎದ್ದು ಬಂದು, ಸರ್ಕಾರ ನಿನಗೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದು ಹೀಗೆ ಬರೆಯುವುದಕ್ಕಾ ಎಂದು ಕೇಳಿಯೇ ಕೇಳುತ್ತಾರೆ. ಕೊಳ್ಳೇಗಾಲದ ನಮ್ಮ ಬೀದಿಯವರೆಲ್ಲ ಅವರನ್ನು ಬಣ್ಣದ ಮೇಷ್ಟ್ರು ಎನ್ನುತ್ತಿದ್ದರು. ಅಷ್ಟು ಸಾಕು.

ಮೇಷ್ಟ್ರು ಅಂದ ಮಾತ್ರಕ್ಕೆ ಯಾವ ಮಕ್ಕಳಿಗೂ ಪಾಠ ಹೇಳಿದವರಲ್ಲ. ಮಕ್ಕಳ ಪುಣ್ಯ. ಕೈಮಗ್ಗದ ರೇಷ್ಮೆ ನೂಲಿಗೆ ನಲವತ್ತು ವರ್ಷ ಬಣ್ಣ ಹಾಕಿದವರು. ಕುದಿಯುವ ಹಂಡೆಯೊಳಗೆ ನೂಲಿನ ಲಡಿಗಳನ್ನು ಕೋಲಿನಿಂದ ಮುಳುಗಿಸಿ ಎತ್ತಿ, ಎತ್ತಿ ಮುಳುಗಿಸಿ, ಹಬೆಯಲ್ಲೇ ಮುದುಕರಾದವರು. ಅವರ ಉಗುರುಗಳ ಬುಡದಲ್ಲಿ ಯಾವಾಗಲೂ ಏನಾದರೊಂದು ಬಣ್ಣ ಇರುತ್ತಿತ್ತು. ಅದನ್ನು ನೋಡಿ ಆ ವಾರ ಯಾರ ಮನೆಯ ಮಗ್ಗಕ್ಕೆ ಯಾವ ಸೀರೆ ಏರುತ್ತದೆಂದು ಬೀದಿಯ ಹೆಂಗಸರು ಹೇಳುತ್ತಿದ್ದರು.

ಲೋಕದ ವಸ್ತುಗಳನ್ನೆಲ್ಲ ಅವರು ಎರಡೇ ಜಾತಿ ಮಾಡಿದ್ದರು: ಬಣ್ಣ ಬಿಡುವುದು, ಬಣ್ಣ ಬಿಡದೆ ಇರುವುದು. ಎದುರಿಗೆ ಹೊಸ ಬಟ್ಟೆ ಕಂಡರೆ ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಂಡು, ಬಟ್ಟೆಯ ತುದಿಯನ್ನು ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ತೀರ್ಪು ಕೊಡುವುದು ಅವರ ಪದ್ಧತಿ. ಒಂದು ಮದುವೆಯಲ್ಲಿ ಅಕ್ಷತೆ ಹಾಕಲು ಮಂಟಪ ಹತ್ತಿದವರು ಗಂಡಿನ ಶಲ್ಯವನ್ನು ಹೀಗೆ ಉಜ್ಜಿ ನೋಡಿ, ಹೆಣ್ಣಿನ ತಂದೆಯ ಕಿವಿಯಲ್ಲಿ "ಬುಡ್ತದ" ಎಂದು ಹೇಳಿ ಇಳಿದುಬಂದಿದ್ದರು. ಶಲ್ಯವೋ ಗಂಡೋ ಎಂದು ಆ ತಂದೆ ಊಟ ಮುಗಿಯುವ ತನಕ ಒದ್ದಾಡಿದ. ನಾನು ಹೊಸ ಅಂಗಿ ಹಾಕಿಕೊಂಡ ದಿನ ಹಿತ್ತಲ ಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆ. ನನಗೆ ಯಳಂದೂರಿನ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ. ದಿನಾ ಬಸ್ಸು. ಆ ಕೆಲಸದ ಮೇಲೂ ಅವರ ತೀರ್ಪು ಇತ್ತು, ಅದನ್ನು ಬರೆಯದಿರುವುದು ನನ್ನ ಹಕ್ಕು.

ಬಣ್ಣ ಹಾಕಿದ ನೂಲೇ ಹೊರಗಿನಿಂದ ಸಿದ್ಧವಾಗಿ ಬರಲು ಶುರುವಾದ ಮೇಲೆ ಅವರ ಹಂಡೆ ತಣ್ಣಗಾಯಿತು. ಬೇರೆಯವರಾದರೆ ಜಗಲಿಯಲ್ಲಿ ಕೂತು ಕಾಲ ಕೆಟ್ಟಿತು ಎನ್ನುತ್ತಿದ್ದರು. ಇವರು ಮನೆಯ ಮುಂದಿನ ಖಾಲಿ ಜಾಗವನ್ನು ಅಗೆದು ಸೊಪ್ಪಿನ ಮಡಿ ಮಾಡಿದರು. ಮಡಿ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅದು ಸೀರೆ. ನಡುವಿನ ಉದ್ದನೆಯ ಜಾಗ ಒಡಲು: ಅಲ್ಲಿ ದಂಟು, ಮೆಂತ್ಯ, ಕೊತ್ತಂಬರಿ. ಮೆಟ್ಟಿಲ ಹತ್ತಿರ ಸೆರಗು: ಬದನೆ, ಟೊಮೆಟೊ, ಮೆಣಸಿನ ಗಿಡ. ಸುತ್ತ ನಾಲ್ಕೂ ಕಡೆ ಅಂಚು. ಸಾಲು ನೇರವಾಗಿರಲೆಂದು ಹಳೆಯ ರೇಷ್ಮೆ ದಾರವನ್ನು ಗೂಟದಿಂದ ಗೂಟಕ್ಕೆ ಕಟ್ಟಿದ್ದರು. ಕೊತ್ತಂಬರಿಗೆ ರೇಷ್ಮೆ ದಾರದ ಗಡಿ ಇದ್ದದ್ದು ಈ ಜಿಲ್ಲೆಯಲ್ಲಿ ಅವರ ಮನೆಯ ಮುಂದೆ ಮಾತ್ರ.

ಆದರೆ ಅಂಚಿಗೆ ಏನು ಹಾಕಬೇಕೆಂಬುದು ಮಾತ್ರ ಎರಡು ವರ್ಷ ಇತ್ಯರ್ಥವಾಗಲಿಲ್ಲ. ಚೆಂಡು ಹೂವು ಹಾಕಿ ಎಂದಳು ನನ್ನ ಹೆಂಡತಿ. ತಿನ್ನಲಾಗದ ಗಿಡಕ್ಕೆ ನೀರು ಹಾಕುವವರನ್ನು ಕಂಡರೆ ಅವರಿಗೆ ತಿರಸ್ಕಾರ. ನಮ್ಮ ಮನೆ ಮುಂದೆ ಅವಳು ಕುಂಡದಲ್ಲಿ ಸಾಲಾಗಿ ಇಟ್ಟಿದ್ದ ಕ್ರೋಟನ್ ಗಿಡಗಳನ್ನು ತೋರಿಸಿ, ಇವು ಸಾರಿಗೆ ಬರುತ್ತವಾ ಪಲ್ಯಕ್ಕೆ ಬರುತ್ತವಾ ಎಂದು ಹೋಗುವವರು ಬರುವವರನ್ನೆಲ್ಲ ಕೇಳುತ್ತಿದ್ದರು. ಹಾಗಂತ ಹರಿವೆಯನ್ನೋ ಪಾಲಕನ್ನೋ ಅಂಚಿಗೆ ಹಾಕಲು ಅವರ ಕಣ್ಣು ಒಪ್ಪುತ್ತಿರಲಿಲ್ಲ. ಅಂಚು ಅಂದರೆ ದೂರದಿಂದ ಕಾಣಬೇಕು, ಹತ್ತಿರ ಬಂದರೆ ತಿನ್ನಲೂ ಬರಬೇಕು. ಹೀಗೆ ದೇವರನ್ನೇ ಇಕ್ಕಟ್ಟಿಗೆ ಸಿಕ್ಕಿಸಿ ಕೂತಿದ್ದರು.

ಹನೂರಿಗೆ ಮದುವೆಗೆಂದು ಹೋದವರು, ಸ್ವೆಟರ್ ಕೊಳ್ಳುವ ನೆಪದಲ್ಲಿ ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನ ತನಕ ಹೋದರು. ಅಲ್ಲಿ ಒಬ್ಬ ಮುದುಕಿಯ ಬಾಗಿಲ ಬಳಿ ಆ ಗಿಡ ಇತ್ತು. ಅಂಗೈಗಿಂತ ಅಗಲದ ಎಲೆ, ಮೇಲುಗಡೆ ಗಾಢ ಊದಾ, ನರಗಳು ಹಸಿರು, ಮಗುಚಿದರೆ ಹಿಂದುಗಡೆ ಪೂರ್ತಿ ಹಸಿರು. ಇದೇನು ಹೂವಿನ ಗಿಡವಾ ಎಂದು ಕೇಳಿದ್ದಕ್ಕೆ ಮುದುಕಿ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದಳಂತೆ. ಇವರೂ ಅಗಿದರು. ಮೂಗಿನ ತುದಿಗೆ ಖಾರ ಹತ್ತಿ ಕಣ್ಣಲ್ಲಿ ನೀರು ಬಂದಾಗ ಗೊತ್ತಾಯಿತು, ಸಾಸಿವೆ. ನಾವು ಒಗ್ಗರಣೆಗೆ ಹಾಕುವ ಅದೇ ಸಾಸಿವೆಯ ದೂರದ ಸೊಗಸುಗಾರ ದಾಯಾದಿ. ಸ್ವೆಟರ್ ಕೊಳ್ಳಲಿಲ್ಲ. ಕ್ಯಾಲೆಂಡರಿನ ಹಾಳೆಯಲ್ಲಿ ಮಡಿಸಿಕೊಟ್ಟ ಬೀಜವನ್ನು ಅಂಗಿಯ ಜೇಬಿನಲ್ಲಿಟ್ಟು, ದಾರಿಯುದ್ದಕ್ಕೂ ಜೇಬಿನ ಮೇಲೆ ಕೈ ಇಟ್ಟುಕೊಂಡು ಬಂದರು. ಆ ದಿನ ಸಂಜೆ ನನ್ನನ್ನು ನಿಲ್ಲಿಸಿ ಒಂದು ಬಾಡಿದ ಎಲೆಯನ್ನು ಎರಡೂ ಕಡೆ ತಿರುಗಿಸಿ ತೋರಿಸಿದರು.

"ನೋಡ್ಲಾ ಗುಮಾಸ್ತ, ಹಾಸು ಹಸ್ರು, ಹೊಕ್ಕು ಊದಾ. ಇದ ನೇಯಕ್ಕ ನಮ್ ಮಗ್ಗದೋರು ಒಂದ್ ತಿಂಗ್ಳು ಒದ್ದಾಡ್ತರ."

ಅವರು ಯಾವುದನ್ನಾದರೂ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ದೀಪಾವಳಿ ಕಳೆದ ಮೇಲೆ ಮರಳಿನ ಜೊತೆ ಬೆರೆಸಿ ಬಿತ್ತಿದರು. ನಾಲ್ಕನೆಯ ದಿನಕ್ಕೆ ಮೊಳಕೆ. ಒಂದಕ್ಕೊಂದು ತಾಗದಂತೆ ಎಳೆಯ ಸಸಿಗಳನ್ನು ಕಿತ್ತು ತೆಳುಮಾಡುವುದರಲ್ಲಿ ಅವರ ಕೈ ಕಲ್ಲು. ಚಳಿ ಏರಿದಷ್ಟೂ ಎಲೆ ಕಪ್ಪಗಾಗುತ್ತಾ ಬಂತು. ಚಳಿ ಬಿದ್ದಷ್ಟೂ ಬಣ್ಣ ಕೂರುತ್ತದೆ ಎಂದು ದಿನಾ ಬೆಳಗ್ಗೆ ಮಫ್ಲರ್ ಸುತ್ತಿಕೊಂಡು ಹೋಗಿ ನೋಡುತ್ತಿದ್ದರು, ಚಳಿಯನ್ನು ತಾವೇ ತರಿಸಿದವರಂತೆ. ಡಿಸೆಂಬರ್ ಕೊನೆಯ ಹೊತ್ತಿಗೆ ಹಸಿರು ಒಡಲಿನ ಸುತ್ತ ಊದಾ ಅಂಚು ಎದ್ದು ನಿಂತಿತು. ಹಾಲಿನವನು ಸೈಕಲ್ ನಿಲ್ಲಿಸಿದ. ದೇವಸ್ಥಾನಕ್ಕೆ ಹೋಗುವವರು ಅಲ್ಲೇ ಒಂದು ಸುತ್ತು ಹಾಕಿದರು. ಸ್ಕೂಲ್ ವ್ಯಾನಿನ ಡ್ರೈವರ್ ಫೋಟೊ ತೆಗೆದುಕೊಂಡ. ಮೇಷ್ಟ್ರು ಇದಾವುದನ್ನೂ ಗಮನಿಸದವರಂತೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಎರಡು ಸಲ ಪೇಪರ್ ತಲೆಕೆಳಗಾಗಿ ಹಿಡಿದಿದ್ದನ್ನು ನಾನು ಕಂಡಿದ್ದೇನೆ.

ತಿನ್ನುವ ಗಿಡವೇ ಬೇಕೆಂದು ಹಟ ಹಿಡಿದವರು ಈಗ ಅದನ್ನು ಯಾರಿಗೂ ತಿನ್ನಲು ಬಿಡಲಿಲ್ಲ. ಬಹಳ ಕಾಡಿದರೆ ಕೆಳಗಿನ ಎರಡು ಎಲೆ ಕೊಡುತ್ತಿದ್ದರು, ಷರತ್ತಿನ ಮೇಲೆ: ಹಸಿಯಾಗಿಯೇ ರಾಗಿ ರೊಟ್ಟಿಯ ಜೊತೆ ತಿನ್ನಬೇಕು, ಬೇಯಿಸಕೂಡದು. ಷರತ್ತು ಯಾಕೆಂದು ನನ್ನ ಹೆಂಡತಿ ಪತ್ತೆ ಮಾಡಿದಳು. ಕದ್ದು ಒಂದು ಹಿಡಿ ಬಸ್ಸಾರಿಗೆ ಹಾಕಿದಳು. ಸೊಪ್ಪು ಪಾತ್ರೆಯಲ್ಲಿ ಸಾದಾ ಹಸಿರಾಗಿ ಕೂತಿತು, ಬಸಿದ ನೀರು ಪೂರಾ ಊದಾ. ಅದನ್ನು ನೋಡಿ ನನ್ನ ಅವ್ವ ಗೋಡೆ ಹಿಡಿದುಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವಳು ಅಷ್ಟು ನಕ್ಕಿರಲಿಲ್ಲ.

"ನಾ ಯೋಳ್ನಿಲ್ವಾ. ಅವುನ್ ಬಣ್ಣ ಬುಟ್ಟೇ ಬುಡ್ತದ."

ಅವ್ವ ಮತ್ತು ಮೇಷ್ಟ್ರ ನಡುವೆ ಇಪ್ಪತ್ತೊಂದು ವರ್ಷದಿಂದ ಮಾತಿರಲಿಲ್ಲ. ಕಾರಣ ಒಂದು ಸೀರೆ. ನನ್ನ ತಂಗಿಯ ಮದುವೆಗೆಂದು ಅವ್ವ ತನಗಾಗಿ ಒಂದು ಊದಾ ಸೀರೆ ನೇಯಿಸಿದ್ದಳು. ನೂಲಿಗೆ ಬಣ್ಣ ಮೇಷ್ಟ್ರದು. ಮದುವೆ ಕಳೆದು ಮೊದಲ ಸಲ ನೀರಿಗೆ ಹಾಕಿದಾಗ ಜೊತೆಯಲ್ಲಿದ್ದ ಅಪ್ಪನ ಬಿಳಿ ಪಂಚೆ ತಿಳಿ ಊದಾ ಆಯಿತು. ಅವ್ವ ಪಂಚೆಯನ್ನು ಹಿಡಿದುಕೊಂಡು ಹೋಗಿ ಅವರ ಜಗಲಿಯ ಮೇಲೆ ಹರವಿದಳು. ನಲವತ್ತು ವರ್ಷದ ಕಸುಬಿನಲ್ಲಿ ಅವರ ಮೇಲೆ ಬಂದ ಒಂದೇ ಒಂದು ದೂರು ಅದು. ಅವರು ಸೀರೆಯನ್ನು ಪರೀಕ್ಷೆ ಮಾಡುತ್ತೇನೆಂದು ಒಯ್ದರು. ಎರಡು ದಿನ ಬಿಟ್ಟು ತಂದು, ಬೀದಿಯ ನಲ್ಲಿ ಕಟ್ಟೆಯ ಮುಂದೆ ಎಲ್ಲರನ್ನೂ ಕರೆದು, ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೋರಿಸಿದರು. ನೀರು ತಿಳಿಯಾಗಿಯೇ ಇತ್ತು. ಬಿಡುವುದೆಲ್ಲ ನಮ್ಮ ಮನೆಯಲ್ಲೇ ಬಿಟ್ಟಾಗಿದೆ, ಇನ್ನು ಬಿಡಲು ಏನು ಉಳಿದಿದೆ ಎಂದಳು ಅವ್ವ. ಸೋತವಳ ಸಬೂಬೆಂದು ಬೀದಿಗೆ ಬೀದಿಯೇ ನಕ್ಕಿತು. ಮೇಷ್ಟ್ರೂ ನಕ್ಕರು. ಅವತ್ತಿನಿಂದ ಮಾತು ನಿಂತಿತು. ಅಪ್ಪ ಆ ಪಂಚೆಯನ್ನು ಸಾಯುವ ತನಕ ಉಟ್ಟರು. ಸಾಕ್ಷಿ ಹಾಳಾಗಬಾರದೆಂದು ಅವ್ವ ಅದಕ್ಕೆ ಒಂದು ದಿನವೂ ನೀಲಿ ಹಾಕಲಿಲ್ಲ.

ಇಂಥ ಮನುಷ್ಯ ತನ್ನ ಸಾಸಿವೆಯನ್ನು ಫಲಪುಷ್ಪ ಪ್ರದರ್ಶನಕ್ಕೆ ತೆಗೆದುಕೊಂಡು ಹೋಗದೆ ಇರುತ್ತಾರೆಯೇ. ಒಳ್ಳೆಯ ಎರಡು ಗಿಡಗಳನ್ನು ಬಣ್ಣದ ಪುಡಿಯ ಹಳೇ ಡಬ್ಬಗಳಿಗೆ ಬೇರುಸಹಿತ ಎತ್ತಿ, ಆಟೋದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದರು. ನಾನು ಜೊತೆಗಿದ್ದೆ, ರಜೆ ಹಾಕಿಸಿದ್ದು ಅವರೇ. ಅಲ್ಲಿ ಮೇಜಿನ ಹಿಂದೆ ಕೂತಿದ್ದಾತ ಗಿಡ ನೋಡಿ ಚೆನ್ನಾಗಿದೆ ಎಂದು ಅಲಂಕಾರಿಕ ಗಿಡಗಳ ವಿಭಾಗಕ್ಕೆ ಬರೆಯಲು ಹೊರಟ. ಮೇಷ್ಟ್ರು ಇದು ಸೊಪ್ಪು ಎಂದರು. ಹಾಗಾದರೆ ತರಕಾರಿ ವಿಭಾಗ ಎಂದ. ತರಕಾರಿಯವರು ತೂಕ ಕೇಳಿದರು. ಬೇರುಸಹಿತ ಇರುವ ಗಿಡವನ್ನು ತೂಗುವುದು ಹೇಗೆಂದು ಮತ್ತೆ ಅಲಂಕಾರಿಕಕ್ಕೆ ಕಳಿಸಿದರು. ಅಲಂಕಾರಿಕದವರು ತಿನ್ನುವ ಗಿಡಕ್ಕೆ ನಮ್ಮಲ್ಲಿ ಅವಕಾಶವಿಲ್ಲ ಎಂದರು. ಹೀಗೆ ಮೂರು ಸಲ ಓಡಾಡಿದ ಮೇಲೆ ಮೇಷ್ಟ್ರು ಒಂದು ಎಲೆ ಕಿತ್ತು, ಮೇಜಿನ ಹಿಂದಿನವನಿಗೆ ಕೊಟ್ಟು, ಅಗಿದು ನೀನೇ ಹೇಳು ಎಂದರು. ಆತ ಅಗಿದ. ಕಣ್ಣು ಮೂಗಲ್ಲೆಲ್ಲ ನೀರು ಸುರಿಯುತ್ತಿರುವಾಗಲೇ ಸಚಿವರ ಕಾರು ಬಂತು. ಆ ವರ್ಷದ ಬಹುಮಾನ ಒಂದು ದೊಡ್ಡ ಕುಂಬಳಕಾಯಿಗೆ ಹೋಯಿತು. ವಾಪಸು ಬರುವಾಗ ಮೇಷ್ಟ್ರು, ನಿಮ್ಮ ಕಚೇರಿಯವರೆಲ್ಲ ಒಂದೇ ಎಂದರು. ಪ್ರದರ್ಶನಕ್ಕೂ ನನ್ನ ಕಚೇರಿಗೂ ಯಾವ ಸಂಬಂಧವೂ ಇರಲಿಲ್ಲ.

ಎರಡನೆಯ ವರ್ಷ ಗಿಡಗಳು ಇನ್ನೂ ಚೆನ್ನಾಗಿ ಬಂದವು. ಬೀದಿಯಾಚೆಯ ಜನವೂ ನೋಡಲು ಬರುವಂತಾಯಿತು. ಆಗಲೇ ಎಲೆಯ ಹಿಂದೆ ಬೂದು ಬಣ್ಣದ ಹೇನು ಬಿತ್ತು. ಎಲೆಗಳು ಮುದುಡಿದವು. ಇಷ್ಟು ಜನರ ಕಣ್ಣು ಬಿದ್ದರೆ ಇನ್ನೇನಾಗುತ್ತದೆ, ದೃಷ್ಟಿ ತೆಗೆಯಿಸಿ ಎಂದರು ನೆರೆಹೊರೆಯವರು. ದೃಷ್ಟಿ ತಾಗುವುದಾದರೆ ಮೊದಲು ತಾಗಬೇಕಾಗಿದ್ದು ನಿಮ್ಮ ಮೋರೆಗಳಿಗೆ ಎಂದು ಹೇಳಿ ಮೇಷ್ಟ್ರು ಹೊಗೆಸೊಪ್ಪು ನೆನೆಸಿದ ನೀರಿಗೆ ಸೋಪು ಕಲಸಿ ಎರಚಿದರು.

ಆ ಅಮಾವಾಸ್ಯೆಯ ದಿನ ಮುಸ್ಸಂಜೆ ನಾನು ಯಳಂದೂರಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಮೇಷ್ಟ್ರು ಮನೆಯಲ್ಲಿರಲಿಲ್ಲ. ಎರಡು ಮನೆಗೂ ನಡುವೆ ಸೊಂಟದೆತ್ತರದ ಗೋಡೆ. ಆ ಗೋಡೆಯ ಬಳಿ ಅವ್ವ ನಿಂತಿದ್ದಳು. ಹಿಡಿಯಲ್ಲಿ ಸಾಸಿವೆ, ಉಪ್ಪು, ಒಣಮೆಣಸಿನಕಾಯಿ. ಕೈಯನ್ನು ಗೋಡೆಯಾಚೆ ಚಾಚಿ, ಆ ಊದಾ ಗಿಡಗಳಿಗೆ ಮೂರು ಸುತ್ತು ನಿವಾಳಿಸಿ, ಮೂರು ಸಲ ಥೂ ಥೂ ಎಂದು ಉಗಿದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಸಿಕ್ಕಿಬಿದ್ದದ್ದಕ್ಕೆ ಅವಳಿಗೆ ನಾಚಿಕೆಯಾಗಿ ಸಿಟ್ಟು ಬಂತು.

"ಜಗಳ ಇರದು ಅವುನ್ ಜೊತಗ. ಗಿಡ ಯಾನ್ ತಪ್ ಮಾಡಿದ್ದು. ಅವುನ್ಗ ಯೋಳ್ಗೀಳೀಯ."

ನಿವಾಳಿಸಿದ್ದನ್ನು ಉರಿಯುವ ಒಲೆಗೆ ಹಾಕಬೇಕು, ಇಲ್ಲವೇ ಮೂರು ದಾರಿ ಕೂಡುವಲ್ಲಿ ಚೆಲ್ಲಬೇಕು. ನಮ್ಮ ಮನೆಯಲ್ಲಿ ಸೌದೆ ಒಲೆ ಹೋಗಿ ಎಷ್ಟೋ ಕಾಲವಾಗಿದೆ. ಗ್ಯಾಸ್ ಒಲೆಗೆ ಹಾಕಿದರೆ ಬರ್ನರ್ ಕಟ್ಟಿಕೊಳ್ಳುತ್ತದೆಂದು ಹಿಂದೊಮ್ಮೆ ನನ್ನ ಹೆಂಡತಿ ರೇಗಿದ್ದಳು. ಮೂರು ದಾರಿಯ ತನಕ ನಡೆಯಲು ಅವ್ವನ ಮಂಡಿ ಬಿಡುತ್ತಿರಲಿಲ್ಲ. ಹಾಗಾಗಿ ಹಿತ್ತಲಿಗೆ ಹೋಗಿ ಬಚ್ಚಲಿನ ಹಿಂದೆ, ಯಾರೂ ತುಳಿಯದ ಜಾಗದಲ್ಲಿ ಎಸೆದು, ಕಾಲು ತೊಳೆದುಕೊಂಡು ಒಳಗೆ ಬಂದಳು. ಹೇನು ಹದಿನೈದು ದಿನದಲ್ಲಿ ಹೋಯಿತು. ಮೇಷ್ಟ್ರು ಹೊಗೆಸೊಪ್ಪಿನ ನೀರಿನ ಮಹಿಮೆಯನ್ನು ಬೀದಿಗೆಲ್ಲ ಸಾರಿದರು. ಅವ್ವ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಇಬ್ಬರೂ ಗೆದ್ದಿದ್ದರು.

ಆ ಬೇಸಿಗೆಯಲ್ಲಿ ಅವ್ವ ಹೋದಳು. ಮಲಗಿದ್ದಲ್ಲಿಂದಲೇ ಅವಳು ಹೇಳಿಟ್ಟಿದ್ದ ಒಂದೇ ಮಾತು, ನನ್ನನ್ನು ಕಳಿಸುವಾಗ ಅದೇ ಊದಾ ಸೀರೆ ಉಡಿಸಿ, ಆ ಬಣ್ಣದವನು ನೋಡಲಿ ಎಂದು. ಉಡಿಸಿದೆವು. ಮೇಷ್ಟ್ರು ಬಂದರು. ಇಪ್ಪತ್ತೆರಡು ವರ್ಷದ ಮೇಲೆ ನಮ್ಮ ಹೊಸಿಲ ತನಕ ಬಂದವರು ಬಗ್ಗಿ, ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಉಜ್ಜಿ, ಬೆರಳನ್ನು ನೋಡಿಕೊಂಡು ಹೊರಟುಹೋದರು. ಹೆಣದ ಸೀರೆಯನ್ನೂ ಪರೀಕ್ಷೆ ಮಾಡುವ ಮನುಷ್ಯ ಎಂದು ನನಗೆ ಮೈಯೆಲ್ಲ ಉರಿಯಿತು. ಆರು ತಿಂಗಳು ನಾನೂ ಅವರೊಡನೆ ಸರಿಯಾಗಿ ಮಾತಾಡಲಿಲ್ಲ.

ಮೂರನೆಯ ವರ್ಷ, ತಾವೇ ಕಟ್ಟಿಟ್ಟ ಬೀಜ ಬಿತ್ತಿದರು. ಇಪ್ಪತ್ತು ದಿನಕ್ಕೆ ನನ್ನನ್ನು ಕೂಗಿದರು. ಅವರ ದನಿ ಕೇಳಿ ಸಿಟ್ಟು ಮರೆತು ಓಡಿದೆ. ಅಂಚಿನ ತುಂಬ ಗಿಡಗಳು ಬಂದಿದ್ದವು, ಆದರೆ ಬೆರಳೆಣಿಕೆಯಷ್ಟು ಬಿಟ್ಟರೆ ಉಳಿದ ಗಿಡಗಳಲ್ಲಿ ಊದಾ ಇರಲಿಲ್ಲ. ಹಸಿರು ಎಲೆಯ ಮೇಲೆ ಅಲ್ಲಲ್ಲಿ ಊದಾ ಕಲೆ, ಎಲ್ಲೋ ಒಂದು ನರ ಊದಾ. ಮೇಷ್ಟ್ರು ನೆಲದ ಮೇಲೆ ಕೂತಿದ್ದರು.

"ಬಣ್ಣ ಬುಟ್ಬುಡ್ತು ಕಣ್ಲಾ," ಎಂದರು.

ಬೇರೆ ಬೀಜ ತರೋಣವೆಂದು ಭಾನುವಾರ ಇಬ್ಬರೂ ಒಡೆಯರಪಾಳ್ಯಕ್ಕೆ ಹೋದೆವು. ಆ ಮುದುಕಿಯ ಮನೆಗೆ ಬೀಗ. ಅವಳು ತೀರಿಕೊಂಡು ಒಂದು ವರ್ಷವಾಯಿತೆಂದು ಪಕ್ಕದವರು ಹೇಳಿದರು. ಬಾಗಿಲ ಬಳಿ ಗಿಡ ಇದ್ದ ಜಾಗದಲ್ಲಿ ಸಿಮೆಂಟ್ ಹಾಕಿತ್ತು. ಅಕ್ಕಪಕ್ಕದಲ್ಲಿ ಕೇಳಿದೆವು, ಅವರ ಬಳಿ ಇದ್ದದ್ದು ಹಸಿರು ಜಾತಿ. ಅಂದರೆ ಈ ಲೋಕದಲ್ಲಿ ಮೇಷ್ಟ್ರಿಗೆ ಗೊತ್ತಿದ್ದ ಹಾಗೆ ಆ ಊದಾ ಉಳಿದಿದ್ದುದು ಅವರ ಅಂಚಿನಲ್ಲಿ ಮಾತ್ರ, ಅದೂ ಏಳೇ ಗಿಡ.

ವಾಪಸು ಬರುವ ಬಸ್ಸಿನಲ್ಲಿ ಅವರು ಕಾರಣ ವಿವರಿಸಿದರು. ಎಲ್ಲೋ ಹತ್ತಿರದಲ್ಲೇ ಸಾದಾ ಸಾಸಿವೆ ಹೂ ಬಿಟ್ಟಿದೆ, ಜೇನುಹುಳು ಅಲ್ಲಿಂದ ಇಲ್ಲಿಗೆ ಬಂದಿದೆ, ಬೀಜ ಬೆರಕೆಯಾಗಿದೆ. ಹೊಲದಲ್ಲಾದರೆ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಸಾಸಿವೆ ಹಾಕುತ್ತಾರೆ, ಪೇಟೆಯೊಳಗೆ ಯಾರು ಹಾಕಿದರು ಎಂದು ಅವರಿಗೆ ಅರ್ಥವಾಗುತ್ತಿರಲಿಲ್ಲ. ನನಗೆ ಬಸ್ಸು ಕಾಮಗೆರೆ ದಾಟುವ ಹೊತ್ತಿಗೆ ಅರ್ಥವಾಯಿತು. ನಮ್ಮ ಬಚ್ಚಲಿನ ಹಿಂದೆ, ಸ್ನಾನದ ನೀರು ಕುಡಿದು, ಎದೆಮಟ್ಟ ಬೆಳೆದು, ಹಳದಿ ಹೂ ತುಂಬಿಕೊಂಡಿದ್ದ ನಾಲ್ಕು ಗಿಡಗಳನ್ನು ಹೋದ ವರ್ಷ ನಾನೇ ನೋಡಿದ್ದೆ. ತಾನಾಗಿ ಹುಟ್ಟಿದ್ದೆಂದು ಮೆಚ್ಚಿದ್ದೆ. ಅದರ ಕಾಯಿ ಒಡೆದು ನನ್ನ ಹೆಂಡತಿ ಒಗ್ಗರಣೆ ಡಬ್ಬಿಗೆ ಹಾಕಿಕೊಂಡಿದ್ದಳು. ಸಾಸಿವೆಯನ್ನು ಕಾಯಲು ಅವ್ವ ಎಸೆದ ಸಾಸಿವೆ.

ಮುಂದಿನ ವಾರವೆಲ್ಲ ಮೇಷ್ಟ್ರು ಬೀದಿಯ ಹಿತ್ತಲುಗಳನ್ನು ಒಂದೊಂದಾಗಿ ತಪಾಸಣೆ ಮಾಡಿದರು. ನಮ್ಮ ಹಿತ್ತಲಿಗೆ ಮಾತ್ರ ಬರಲಿಲ್ಲ. ಅವ್ವ ಇಲ್ಲದಿದ್ದರೂ ಅದು ಅವ್ವನ ಹಿತ್ತಲೇ. ಬೀಜದ ಅಂಗಡಿಯವನನ್ನು ಬೈದರು, ತೋಟಗಾರಿಕೆಯವರನ್ನು ಬೈದರು, ಕೊನೆಗೆ ಜೇನುಹುಳುವನ್ನು ಬೈದರು. ನಾನು ಬಾಯಿ ಬಿಡಲಿಲ್ಲ. ಅವ್ವನಿಗೆ ಕೊಟ್ಟ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ಹೆದರಿಕೆ. ಇಷ್ಟವಿಲ್ಲದ ಕಡತವನ್ನು ಎಲ್ಲಕ್ಕಿಂತ ಕೆಳಗೆ ಇಟ್ಟು ಅದು ತಾನಾಗಿ ಇತ್ಯರ್ಥವಾಗಲೆಂದು ಕಾಯುವುದರಲ್ಲಿ ನಾನು ನುರಿತವನು.

ಕೀಳುವುದರಲ್ಲಿ ಕಲ್ಲಿನ ಕೈಯವರು ಈ ಸಲ ಬೆರಕೆ ಗಿಡಗಳನ್ನು ಕೀಳಲಿಲ್ಲ. ಚಳಿ ಏರಲಿ, ಬಣ್ಣ ಕೂರಬಹುದು ಎನ್ನುತ್ತಿದ್ದರು. ಬೆಳಗಿನ ಮಂಜಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಲೆ ಮಗುಚಿ ನೋಡುತ್ತಿದ್ದರು. ಹಾಗೆ ನೋಡಿ ನೋಡಿಯೇ ಎದೆಗೆ ಕಫ ಕಟ್ಟಿ, ಪುಷ್ಯದಲ್ಲಿ ಕಾಮಗೆರೆ ಆಸ್ಪತ್ರೆಗೆ ಸೇರಿದರು. ಮುಳ್ಳೂರಿನಿಂದ ಮಗಳು ಬಂದು ಜೊತೆಗೆ ನಿಂತಳು. ಆಸೆ ಇಟ್ಟುಕೊಳ್ಳಬೇಡಿ ಎಂದು ಎರಡನೆಯ ವಾರದಲ್ಲಿ ಅವಳೇ ನನಗೆ ಹೇಳಿದಳು.

ಆಗ ನಾನು ಪರೋಪಕಾರಕ್ಕೆ ಇಳಿದೆ. ಅವರು ಮನೆಗೆ ಬಂದರೆ ಅಂಚಿನಲ್ಲಿ ಶುದ್ಧ ಊದಾ ಮಾತ್ರ ಕಾಣಲಿ ಎಂದು, ಒಂದು ಭಾನುವಾರ ಬೆಳಗ್ಗೆ ಕೂತು ಬೆರಕೆ ಗಿಡಗಳನ್ನೆಲ್ಲ ಕಿತ್ತೆ. ಏಳು ಗಿಡ ಉಳಿದವು. ಕಿತ್ತ ಸೊಪ್ಪಿಗೆ ಹೆಂಡತಿ ಬಸ್ಸಾರು ಮಾಡಿದಳು. ಮುದ್ದೆ ಜೊತೆ ಚೆನ್ನಾಗಿ ಉಂಡು, ಮಧ್ಯಾಹ್ನದ ಬಸ್ಸಿಗೆ ಕಾಮಗೆರೆಗೆ ಹೋದೆ.

ಅವರು ದಿಂಬಿಗೆ ಒರಗಿದ್ದರು. ಹೊದಿಸಿದ್ದ ಹಸಿರು ಚಾದರದ ತುದಿಯನ್ನು ಆಗಲೇ ಉಜ್ಜಿ ನೋಡಿದ್ದಾರೆ ಎಂಬುದು ಅವರ ಹೆಬ್ಬೆರಳಿನಿಂದ ಗೊತ್ತಾಗುತ್ತಿತ್ತು. ಮಗಳು ಕಾಫಿ ತರಲು ಹೊರಗೆ ಹೋದಳು. ಗಿಡ ಹೇಗಿವೆ ಎಂದು ಕೇಳಿದರು. ಆಗ ನನ್ನೊಳಗಿನ ಕಡತ ತಾನಾಗಿ ಹೊರಗೆ ಬಂತು. ಅಮಾವಾಸ್ಯೆ, ಗೋಡೆ, ಅವ್ವನ ಹಿಡಿ, ಬಚ್ಚಲಿನ ಹಿಂದಿನ ನಾಲ್ಕು ಗಿಡ, ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿಕೊಂಡೆ.

"ಎಷ್ಟ್ ಸುತ್ತು ನಿವಾಳ್ಸುದ್ರು?" ಎಂದರು.

"ಮೂರು ಮೇಷ್ಟ್ರೆ."

"ಉಗುದ್ರಾ?"

"ಮೂರು ಸಲ."

ಚಾದರದ ತುದಿಯನ್ನು ಮತ್ತೊಮ್ಮೆ ಉಜ್ಜಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು.

"ಆ ಸೀರೆ ಬಣ್ಣ ಬುಟ್ಟಿತ್ತು ಕಣ್ಲಾ."

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ಮೆಲ್ಲಗೆ, ಉಸಿರು ಸಿಕ್ಕಿದಷ್ಟು ಸಿಕ್ಕಿದಷ್ಟು ಹೇಳುತ್ತಾ ಹೋದರು. ಆ ಸಲ ಹಬ್ಬದ ಕೆಲಸ ಒತ್ತಿ, ಹಂಡೆಯಿಂದ ನೂಲನ್ನು ಬೇಗ ಎತ್ತಿದ್ದರು. ಬಣ್ಣ ಕೂತಿರಲಿಲ್ಲ. ಅಪ್ಪನ ಪಂಚೆ ಕಂಡ ಕ್ಷಣವೇ ಅವರಿಗೆ ಗೊತ್ತಾಗಿತ್ತು. ಪರೀಕ್ಷೆ ಎಂದು ಒಯ್ದ ಎರಡು ದಿನದಲ್ಲಿ, ನೀರು ತಿಳಿಯಾಗುವ ತನಕ ಸೀರೆಯನ್ನು ಜಾಲಿಸಿ, ಹುಳಿ ನೀರಿನಲ್ಲಿ ಮುಳುಗಿಸಿ ಬಣ್ಣ ಕೂರಿಸಿ, ಆಮೇಲೆ ನಲ್ಲಿ ಕಟ್ಟೆಗೆ ತಂದಿದ್ದರು. ಬಿಡುವುದೆಲ್ಲ ಆಗಲೇ ಬಿಟ್ಟಾಗಿದೆ ಎಂದು ಅವ್ವ ಅಂದದ್ದು ನಿಜ, ಬಿಟ್ಟದ್ದು ಮಾತ್ರ ಮೇಷ್ಟ್ರ ಮನೆಯಲ್ಲಿ. ಅದು ಗೊತ್ತಿದ್ದವರು ಆ ಬೀದಿಯಲ್ಲಿ ಅವರೊಬ್ಬರೇ. ಎಲ್ಲರ ಜೊತೆ ನಕ್ಕವರೂ ಅವರೇ. ಪ್ರತಿ ಯುಗಾದಿಗೂ ಬೇವು ಬೆಲ್ಲ ಹಿಡಿದು ನಮ್ಮ ಬಾಗಿಲ ತನಕ ಬಂದು ಹೇಳಬೇಕೆಂದುಕೊಂಡು, ಗೋಡೆಯ ಹತ್ತಿರದಿಂದ ಹಿಂದಿರುಗುತ್ತಿದ್ದರಂತೆ. ಅವ್ವನ ಹೆಣದ ಮೇಲಿನ ಸೆರಗನ್ನು ಮುಟ್ಟಿ ನೋಡಿದ್ದು, ಕೊನೆಗಾದರೂ ಅದು ಕೂತಿದೆಯಾ ಎಂದು.

ನನಗೆ ಅವರ ಮೇಲೆ ಸಿಟ್ಟು ಬಂತು. ಅವ್ವನನ್ನು ಇಪ್ಪತ್ತೆರಡು ವರ್ಷ ಸುಳ್ಳಿ ಮಾಡಿದ ಮನುಷ್ಯ. ಅಳುವೂ ಬಂತು. ಮಗಳು ಕಾಫಿ ತಂದಿಟ್ಟು ಔಷಧಿ ಚೀಟಿ ಹಿಡಿದು ಮತ್ತೆ ಹೋದಳು. ಆಗ ಅವರು ನನ್ನ ಕೈ ಹಿಡಿದರು. ನೆರೆಮನೆಯಲ್ಲಿ ಇದ್ದಷ್ಟು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದಿಲ್ಲ, ಅಂಗಿಯ ತೋಳು ಹಿಡಿದು ಉಜ್ಜಿದ್ದುಂಟು.

"ಆ ಬೆರಕೆ ಗಿಡ್ವ ಕೀಳ್ಬ್ಯಾಡ ಕಣಪ್ಪ. ಬೀಜುಕ್ಕ ಬುಡು. ಅದು ನಿಮ್ಮವ್ವ ಆಕಿರ ಬಣ್ಣ. ಕೂತದ."

ನನ್ನ ಹೊಟ್ಟೆಯಲ್ಲಿ ಬಸ್ಸಾರು ಇತ್ತು.

"ಆಯ್ತು ಮೇಷ್ಟ್ರೆ," ಎಂದೆ. ಕಚೇರಿಯ ಕೌಂಟರಿನಲ್ಲಿ ನಿಂತವರಿಗೆ ದಿನಾ ಹೇಳಿ ಹೇಳಿ ರೂಢಿಯಾದ ಅದೇ ಆಯ್ತು. ನಾಲ್ಕನೆಯ ದಿನ ಅವರು ಹೋದರು.

ಉಳಿದಿದ್ದ ಏಳು ಗಿಡ ಹೂ ಬಿಟ್ಟು ಕಾಯಿ ಕಟ್ಟಿದವು. ಮನೆ ಖಾಲಿ ಮಾಡಲು ಬಂದ ಮಗಳು ಆ ಬೀಜವನ್ನು ಒಂದು ಚೀಟಿಯಲ್ಲಿ ಕಟ್ಟಿ, ನಿಮ್ಮನ್ನು ಬಿಟ್ಟರೆ ಅಪ್ಪನನ್ನು ಸಹಿಸಿಕೊಂಡವರು ಯಾರೂ ಇಲ್ಲ ಎಂದು ನನ್ನ ಕೈಗಿಟ್ಟಳು. ನಾನು ಬೇಡವೆನ್ನಲಾಗದೆ ತೆಗೆದುಕೊಂಡೆ. ಎಲ್ಲ ಶುದ್ಧ ಊದಾ ಗಿಡಗಳ ಬೀಜ. ಅವ್ವನ ಬಣ್ಣವನ್ನು ನಾನು ಉಂಡು ಮುಗಿಸಿದ್ದೆ. ಇನ್ನು ಬಿತ್ತಿದರೂ ಅದು ಬರುವುದಿಲ್ಲ ಎಂದುಕೊಂಡು, ಡಬ್ಬಿಯಲ್ಲಿ ಹಾಕಿ ದೇವರ ಗೂಡಿನಲ್ಲಿ ಇಟ್ಟೆ.

ಈ ವರ್ಷ ದೀಪಾವಳಿ ಕಳೆದ ಮೇಲೆ, ಹೆಂಡತಿಯ ಕ್ರೋಟನ್ ಕುಂಡಗಳನ್ನು ಹಿಂದಕ್ಕೆ ಸಾಗಿಸಿ, ನಮ್ಮ ಮನೆಯ ಮುಂದೆ ಬಿತ್ತಿದೆ. ಅವಳು ಒಂದು ವಾರ ಮಾತು ಬಿಟ್ಟಳು. ನಮ್ಮ ಮನೆಗೆ ಅದೇನೂ ಹೊಸದಲ್ಲ. ಇಪ್ಪತ್ತು ದಿನಕ್ಕೆ ಎಲೆ ಅಗಲವಾಯಿತು. ಬಹುಪಾಲು ಊದಾ. ಆದರೆ ಗೋಡೆಯ ಪಕ್ಕದ ಸಾಲಿನಲ್ಲಿ ಐದಾರು ಗಿಡಗಳು ಹಸಿರಾಗಿದ್ದವು. ಹಸಿರಿನ ಮೇಲೆ ಅಲ್ಲಲ್ಲಿ ಊದಾ ಕಲೆ, ಎಲ್ಲೋ ಒಂದು ನರ ಊದಾ. ಶುದ್ಧವೆಂದು ಮೇಷ್ಟ್ರು ಎಣಿಸಿದ್ದ ಆ ಏಳು ಗಿಡಗಳೂ ಅವ್ವನನ್ನು ಒಳಗಿಟ್ಟುಕೊಂಡೇ ನಿಂತಿದ್ದವು. ನಾನು ಮಫ್ಲರ್ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಎಲೆ ಮಗುಚಿ ನೋಡಿದೆ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಉಜ್ಜಿಯೂ ನೋಡಿದೆ, ಯಾರೂ ನೋಡುತ್ತಿರಲಿಲ್ಲ.

ಹೆಂಡತಿ ಕುಡುಗೋಲು, ಮೊರ ಹಿಡಿದು ಬಂದಳು. ಬಸ್ಸಾರಿಗೆ ಯಾವುದನ್ನು ಕೊಯ್ಯಲಿ, ಬಣ್ಣಗೆಟ್ಟಿರುವ ಇವನ್ನೇ ಕಿತ್ತುಬಿಡಲಾ ಎಂದು ಕೇಳಿದಳು.

"ಊದಾ ಇರೋದನ್ನ ಕುಯ್ಕೊ," ಎಂದೆ. "ಇವನ್ನ ಮುಟ್ಬೇಡ. ಬೀಜಕ್ಕೆ ಬಿಟ್ಟಿದ್ದೀನಿ."